ಪ್ರಶ್ನೆ ಬೇಡ, ಉತ್ತರ ಬರಿ

ಮೊನ್ನೆ ಭಾನುವಾರ ಅಕ್ಕನ ಮನೆಗೆ ಹೋದಾಗ ಎಂಟನೇ ಕ್ಲಾಸಿನ ಅವಳ ಮಗ ಮುಖ ಊದಿಸಿಕೊಂಡು ಕೂತಿದ್ದ. ಹೊಯ್ಸಳರ ಬಗ್ಗೆ ಮಾಡಿದ ಪ್ರಾಜೆಕ್ಟಿಗೆ ಹತ್ತಕ್ಕೆ ಐದು ಬಂದಿತ್ತು. ಪಕ್ಕದ ಬೆಂಚಿನವನಿಗೆ ಹತ್ತಕ್ಕೆ ಹತ್ತು. "ಅವ್ನು ಏನೂ ಮಾಡಿಲ್ಲ ಮಾಮ. ಝೆರಾಕ್ಸ್ ಅಂಗಡಿಯೋರೇ ನೆಟ್ಟಿಂದ ಕಲರ್ ಪ್ರಿಂಟ್ ತೆಗೆದು, ಸ್ಪೈರಲ್ ಬೈಂಡಿಂಗ್ ಮಾಡಿ ಕೊಟ್ಟಿದ್ದು" ಅಂದ.

ಇವನದ್ದು ತೆರೆದು ನೋಡಿದೆ. ಬೇಲೂರಿನ ಚೆನ್ನಕೇಶವ ಗುಡಿಯನ್ನು ವಿಷ್ಣುವರ್ಧನ ಯಾಕೆ ಕಟ್ಟಿಸಿದ? ತಲಕಾಡಿನಲ್ಲಿ ಚೋಳರನ್ನು ಗೆದ್ದ ನೆನಪಿಗೆ ಅಂತ ಒಂದು ವಿಡಿಯೋದಲ್ಲಿ ಹೇಳಿದ್ದರಂತೆ. ಜೈನಧರ್ಮ ಬಿಟ್ಟು ವೈಷ್ಣವನಾದ ಕಾರಣಕ್ಕೆ ಅಂತ ಇನ್ನೊಂದು ಕಡೆ ಇತ್ತಂತೆ. ಹುಡುಗ ಎರಡನ್ನೂ ಬರೆದು, ಕೆಳಗೆ "ಇದರಲ್ಲಿ ಯಾವುದು ಸರಿ?" ಅಂತ ಸೇರಿಸಿದ್ದ. ಅದರ ಪಕ್ಕ ಕೆಂಪು ಶಾಯಿಯಲ್ಲಿ ಟೀಚರ್ ಷರಾ: "ಪ್ರಶ್ನೆ ಬೇಡ, ಉತ್ತರ ಬರಿ."

ತಲಕಾಡಿನ ಗೆಲುವು 1116ರದ್ದು, ಬೇಲೂರಿನ ಪ್ರತಿಷ್ಠೆ 1117ರದ್ದು. ಗುಡಿ ಕಟ್ಟಿಸಿದ ಕಾರಣದ ಬಗ್ಗೆ ಇತಿಹಾಸಕಾರರಲ್ಲೇ ಒಮ್ಮತವಿಲ್ಲ. ಅಂದರೆ ಹದಿಮೂರು ವರ್ಷದ ಹುಡುಗ ಮೊಬೈಲು ಕೆರೆಯುತ್ತಾ ಕೆರೆಯುತ್ತಾ ನಿಜವಾದ ಒಂದು ಚರ್ಚೆಯ ಬಾಗಿಲಿಗೇ ಬಂದು ನಿಂತಿದ್ದ. ನಾವು ಬಾಗಿಲು ಹಾಕಿದೆವು.

"ನಾವು" ಅಂತ ಬೇಕೆಂದೇ ಬರೆದೆ. ಪ್ರಾಜೆಕ್ಟ್ ಕೊಡುವ ಹಿಂದಿನ ದಿನ ಅವನು ಇದೇ ಪ್ರಶ್ನೆ ಕೇಳಲು ನನಗೆ ಫೋನ್ ಮಾಡಿದ್ದ. "ಟೆಕ್ಸ್ಟ್‌ಬುಕ್ಕಲ್ಲಿ ಇರೋದನ್ನ ಬರಿಯೋ, ಸುಮ್ನೆ ತಲೆ ಕೆಡಿಸ್ಕೋಬೇಡ" ಅಂದಿದ್ದೆ. ಆ ಹೊತ್ತಲ್ಲಿ ನನ್ನ ಎದುರಿನ ಸ್ಕ್ರೀನಿನಲ್ಲಿ ಸ್ಟಾಕ್ ಓವರ್‌ಫ್ಲೋ ತೆರೆದಿತ್ತು. ಒಂದೇ ಎರರ್‌ಗೆ ಮೂರು ಉತ್ತರ. ಯಾವುದು ಹಳೇದು, ಯಾವುದರ ಕೆಳಗೆ ಜನ ತಕರಾರು ತೆಗೆದಿದ್ದಾರೆ, ಯಾವುದು ನನ್ನ ಕೋಡಿಗೆ ಹೊಂದುತ್ತೆ ಅಂತ ನೋಡ್ತಾ ಕೂತಿದ್ದೆ. ಇದಕ್ಕೇ ನನಗೆ ಸಂಬಳ. ಅದನ್ನೇ ಅವನು ಮಾಡಿದರೆ ಅರ್ಧ ಮಾರ್ಕ್ಸ್ ಕಟ್!

ಹಾಗಂತ ಆ ಶಾಲೆ ತಂತ್ರಜ್ಞಾನದ ವಿರೋಧಿಯೇನಲ್ಲ. ಪ್ರತಿ ಕ್ಲಾಸಲ್ಲೂ ಸ್ಮಾರ್ಟ್ ಬೋರ್ಡ್ ಇದೆ, ಫೀಸಿಗೆ ಆ್ಯಪ್ ಇದೆ, ಹೋಮ್‌ವರ್ಕ್ ವಾಟ್ಸ್ಆ್ಯಪ್‌ನಲ್ಲಿ ಬರುತ್ತೆ. ನನ್ನ ತಕರಾರು ಇಲ್ಲೇ ಇರೋದು. ಯಂತ್ರ ಒಳಗೆ ಬಂತು, ಅದರ ಜೊತೆ ಮಕ್ಕಳು ಕಲಿತ ಅಭ್ಯಾಸ ಗೇಟಿನ ಹೊರಗೇ ಉಳೀತು. ಮನೆಯಲ್ಲಿ ಅರ್ಥವಾಗದಿದ್ದರೆ ವಿಡಿಯೋ ನಿಲ್ಲಿಸ್ತಾರೆ, ಹಿಂದೆ ಎಳೀತಾರೆ, ಬೇರೆಯವರು ಹೇಳಿದ್ದನ್ನು ಹುಡುಕ್ತಾರೆ. ಕ್ಲಾಸಿನಲ್ಲಿ ಅದೇ ವಿಡಿಯೋ ಒಂದು ಸಲ ಓಡುತ್ತೆ, ಎಲ್ಲರೂ ಕೈಕಟ್ಟಿ ನೋಡಬೇಕು. ಕರಿಹಲಗೆಗೆ ಕರೆಂಟ್ ಕೊಟ್ಟ ಹಾಗಾಯ್ತು, ಅಷ್ಟೇ.

ಇದಕ್ಕೆ ವಿರುದ್ಧವಾದ ಉತ್ಸಾಹವೂ ಒಂದಿದೆ: ಮಕ್ಕಳ ಕೈಗೆ ಇಂಟರ್‌ನೆಟ್ ಕೊಡಿ, ತಾವೇ ಕಲೀತಾರೆ ಅನ್ನೋದು. ಅವರೆಲ್ಲ ಸುಗತ ಮಿತ್ರ ಅವರ ಹೆಸರು ಹೇಳ್ತಾರೆ. 1999ರಲ್ಲಿ ದೆಹಲಿಯ ಕಾಲ್ಕಾಜಿಯಲ್ಲಿ ಗೋಡೆ ಕೊರೆದು ಕಂಪ್ಯೂಟರ್ ಇಟ್ಟವರು. ಪಕ್ಕದ ಕೊಳೆಗೇರಿಯ ಮಕ್ಕಳು ಯಾರೂ ಹೇಳಿಕೊಡದೆ ಬ್ರೌಸ್ ಮಾಡುವುದನ್ನು ಕಲಿತದ್ದು ನಿಜ. ಆದರೆ ಅದೇ ಮಿತ್ರ ಹತ್ತು ವರ್ಷದ ನಂತರ, ಸ್ಕೈಪ್‌ನಲ್ಲಿ ಮಕ್ಕಳ ಜೊತೆ ಮಾತಾಡಲು ಬ್ರಿಟನ್ನಿನ ಹಿರಿಯರನ್ನು ಕೂಡಿಸಿದರು. ಪಾಠ ಮಾಡೋಕಲ್ಲ, ಮಕ್ಕಳು ಕಂಡುಕೊಂಡದ್ದನ್ನು ಕೇಳಿ, ಮೆಚ್ಚಿ, ಇನ್ನೊಂದು ಪ್ರಶ್ನೆ ಹಾಕೋಕೆ. ಗೋಡೆಯ ಕಥೆಯನ್ನು ಹೇಳುವವರು ಈ ಅರ್ಧವನ್ನು ಮರೆತುಬಿಡ್ತಾರೆ. ಹುಡುಕೋದು ಮಕ್ಕಳಿಗೆ ತಾನಾಗಿ ಬರುತ್ತೆ. ಸಿಕ್ಕಿದ್ದನ್ನು ಅನುಮಾನಿಸೋದು ತಾನಾಗಿ ಬರಲ್ಲ, ಯಾರಾದರೂ ಪಕ್ಕದಲ್ಲಿ ಕೂರಬೇಕು.

ನನ್ನ ಮಟ್ಟಿಗೆ ಇದಕ್ಕೆ ಒಳ್ಳೆಯ ಪಾಠದ ಕೋಣೆ ವಿಕಿಪೀಡಿಯ. 2003ರಿಂದ ಕನ್ನಡದಲ್ಲೂ ಇದೆ. ಬೆಂಗಳೂರಿನ ಕ್ರೈಸ್ಟ್ ಯೂನಿವರ್ಸಿಟಿಯಂಥ ಕಡೆ ವಿದ್ಯಾರ್ಥಿಗಳು ಕೋರ್ಸಿನ ಭಾಗವಾಗಿಯೇ ಅದಕ್ಕೆ ಲೇಖನ ಬರೆದಿದ್ದಾರೆ. ಕಾಪಿ ಹೊಡೆದು ಹಾಕಿದರೆ ಅಲ್ಲಿ ಯಾರೋ ಅಳಿಸ್ತಾರೆ. ಆಧಾರ ಇಲ್ಲದೆ ಬರೆದರೆ ಆಧಾರ ಕೇಳ್ತಾರೆ. ಪುಟದ ಇತಿಹಾಸ ತೆರೆದರೆ ಯಾರು ಯಾವಾಗ ಏನು ಬದಲಿಸಿದರು ಅನ್ನೋದು ಕಾಣುತ್ತೆ. ಕೆಂಪು ಶಾಯಿಗಿಂತ ಇದು ಕಠಿಣವೇ. ಆದರೆ "ಪ್ರಶ್ನೆ ಬೇಡ" ಅನ್ನಲ್ಲ.

ಎಲ್ಲರ ಹತ್ರ ಫೋನ್ ಎಲ್ಲಿದೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. 2020ರ ಲಾಕ್‌ಡೌನಿನಲ್ಲಿ ಮಲೆನಾಡಿನ ಮಕ್ಕಳು ನೆಟ್‌ವರ್ಕಿಗಾಗಿ ಗುಡ್ಡ ಹತ್ತಿದ್ದನ್ನು ನೋಡಿದ್ದೇವೆ. ಮನೆಗೊಂದೇ ಫೋನು, ಅದೂ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತೆ. ಆದರೆ ನಾನು ಹೇಳ್ತಿರೋ ಅಭ್ಯಾಸಕ್ಕೆ ತಲೆಗೊಂದು ಫೋನು ಬೇಕಿಲ್ಲ. ಮೇಷ್ಟ್ರ ಒಂದೇ ಫೋನಿನಲ್ಲಿ ಬೇಲೂರಿನ ಬಗ್ಗೆ ಎರಡು ಪುಟ ತೆರೆದು ಓದಿ, "ಇಬ್ಬರೂ ಬೇರೆ ಬೇರೆ ಹೇಳ್ತಿದ್ದಾರಲ್ಲ, ಇವರಿಗೆ ಹೇಗೆ ಗೊತ್ತಾಯ್ತು?" ಅಂತ ಕೇಳಿದರೆ ಸಾಕು. ಶಾಸನ ಅಂದರೇನು ಅನ್ನೋ ಪಾಠ ಅಲ್ಲಿಂದಲೇ ಶುರುವಾಗುತ್ತೆ.

ಟೀಚರನ್ನು ಮಾತ್ರ ಬೈದು ಪ್ರಯೋಜನವಿಲ್ಲ. ತುಂಬಿದ ಕ್ಲಾಸು, ಮುಗಿಸಬೇಕಾದ ಪೋರ್ಷನ್ನು, ಮಾರ್ಕ್ಸ್ ಎಣಿಸುವ ನಮ್ಮಂಥವರು, ಇಷ್ಟರ ನಡುವೆ ಅವರಿಗೂ ಒಂದೇ ಉತ್ತರ ಇದ್ದರೆ ಸುಲಭ. ಮುಂದಿನ ಪೇರೆಂಟ್ಸ್ ಮೀಟಿಂಗಿನಲ್ಲಿ ಸ್ಮಾರ್ಟ್ ಬೋರ್ಡಿನ ಬಗ್ಗೆ ಕೇಳೋ ಬದಲು, ಈ ತಿಂಗಳು ಮಕ್ಕಳು ಏನು ಪ್ರಶ್ನೆ ಕೇಳಿದರು ಅಂತ ನಾವೇ ಕೇಳಬಹುದಲ್ವಾ?

ಹೊರಡುವಾಗ ಹುಡುಗನಿಗೆ "ನಿನ್ನ ಪ್ರಶ್ನೆ ಸರಿಯಾಗಿತ್ತು ಕಣೋ, ನಾನು ಹೇಳಿದ್ದೇ ತಪ್ಪು" ಅಂದೆ. ಅವನು ನನ್ನ ಮುಖ ನೋಡಿ, "ಇರ್ಲಿ ಬಿಡು ಮಾಮ. ಮುಂದಿನ ಸಲ ನಾನೂ ಝೆರಾಕ್ಸ್ ಅಂಗಡಿಗೇ ಹೋಗ್ತೀನಿ" ಅಂದ.