ಸುಶಿಯ ಕಟ್ಟೆಯೂ ಕೈಯಲ್ಲಿ ತಿದ್ದಿದ ಮಣ್ಣೂ

ಎಂಟು ಹತ್ತು ಮಂದಿಗಷ್ಟೇ ಜಾಗವಿರುವ ಸುಶಿ ಅಂಗಡಿಯಲ್ಲಿ ಬಾಣಸಿಗನಿಗೂ ಉಣ್ಣುವವರಿಗೂ ನಡುವೆ ಒಂದು ಮರದ ಕಟ್ಟೆಯಷ್ಟೇ ಇರುತ್ತದೆ. ವಿನಿಗರ್ ಬೆರೆಸಿದ ಅನ್ನವನ್ನು ಮೈಬಿಸಿ ಆರುವ ಮೊದಲೇ ಅಂಗೈಯಲ್ಲಿ ಒತ್ತಿ, ಮೀನಿನ ಹೋಳು ಹೊದಿಸಿ ಒಂದೊಂದಾಗಿ ಮುಂದಿಡುತ್ತಾನೆ. ಇಂಥ ಅಂಗಡಿಗಳು ಕೈಯಲ್ಲಿ ಮಾಡಿದ ಮಣ್ಣಿನ ಪಾತ್ರೆಗಳನ್ನು ಅಡುಗೆಯಷ್ಟೇ ಮಾನ್ಯ ಮಾಡುತ್ತವೆ.

ಈ ಮನ್ನಣೆಗೆ ಬಲ ತಂದವರಲ್ಲಿ ಕಿತಾಓಜಿ ರೊಸಾಂಜಿನ್ (1883–1959) ಮುಖ್ಯರು. 1925ರಲ್ಲಿ ಟೋಕಿಯೊದಲ್ಲಿ ಹೊಶಿಗಾಓಕಾ ಸರ್ಯೋ ಎಂಬ ಭೋಜನಶಾಲೆ ತೆರೆದ ಅವರು, ಅಲ್ಲಿನ ಅಡುಗೆಗೆ ತಕ್ಕ ಪಾತ್ರೆಗಾಗಿ ಕಾಮಾಕುರದಲ್ಲಿ ತಾವೇ ಆವಿಗೆ ಹೂಡಿದರು. ಒಕಾಯಾಮ ಸೀಮೆಯ ಬಿಜೆನ್ ಪಾತ್ರೆಗಳು ಈ ರುಚಿಗೆ ಒಳ್ಳೆಯ ಮಾದರಿ. ಅವಕ್ಕೆ ಮೆರುಗು ಬಳಿಯುವುದಿಲ್ಲ. ಪೈನ್ ಸೌದೆಯ ಬೆಂಕಿಯಲ್ಲಿ ದಿನಗಟ್ಟಲೆ ಬೇಯುವಾಗ ಬೂದಿ ಬಿದ್ದ ಕಡೆ, ಹುಲ್ಲು ಸುತ್ತಿದ ಕಡೆ ಬಣ್ಣ ತಾನಾಗಿ ಮೂಡುತ್ತದೆ. ಬಡಿಸುವ ಮೊದಲು ತಟ್ಟೆಯನ್ನು ನೀರಲ್ಲಿ ಅದ್ದುತ್ತಾರೆ. ಆಗ ಮಣ್ಣಿನ ಬಣ್ಣ ಗಾಢವಾಗುತ್ತದೆ, ಎಣ್ಣೆಯ ಕಲೆಯೂ ಸುಲಭವಾಗಿ ಹಿಡಿಯದು.

ಆದರೂ ಸುಶಿಗೆ ಮಣ್ಣಿನ ತಟ್ಟೆ ಅನಿವಾರ್ಯವಲ್ಲ. ತುತ್ತು ಮರದ ಮಣೆಯ ಮೇಲೆ ಚೆನ್ನಾಗಿ ಕೂರುತ್ತದೆ, ಬೆರಳಿಂದ ಎತ್ತಲು ಸುಲಭ. ಕುಂಬಾರನ ಕೆಲಸ ನಿಜವಾಗಿ ಸಾರ್ಥಕವಾಗುವುದು ಸುತ್ತಲಿನ ವಸ್ತುಗಳಲ್ಲಿ: ಸೋಯಾ ರಸದ ಪುಟ್ಟ ಬಟ್ಟಲು, ಬೇಯಿಸಿದ ತಿನಿಸಿನ ತಟ್ಟೆ, ಮೀನಿನ ಜಿಡ್ಡು ತೊಳೆಯುವ ಬಿಸಿ ಹಸಿರು ಚಹಾದ ದಪ್ಪಗೋಡೆಯ ಲೋಟ. ತಟ್ಟೆಯ ಕಥೆ ಹೇಳುತ್ತ ಅನ್ನ ಆರಲು ಬಿಡುವ ಅಂಗಡಿ ಎರಡು ಕಸುಬಿಗೂ ಅನ್ಯಾಯ ಮಾಡುತ್ತದೆ.

ಇದೇ ಸುಶಿ ಕಾರ್ಖಾನೆಯ ದಾರಿಯನ್ನೂ ಹಿಡಿದಿದೆ. ಶಿರಾಇಶಿ ಯೋಶಿಆಕಿ ಬಿಯರ್ ಕಾರ್ಖಾನೆಯ ಕನ್ವೇಯರ್ ಪಟ್ಟಿ ಕಂಡು 1958ರಲ್ಲಿ ಒಸಾಕಾದ ಬಳಿ ತಟ್ಟೆಗಳು ಪಟ್ಟಿಯ ಮೇಲೆ ತಿರುಗಿ ಬರುವ ಸುಶಿ ಅಂಗಡಿ ತೆರೆದರು. ಅಂಥ ಕಡೆ ಅಚ್ಚಿನ ತಟ್ಟೆಯೇ ಸರಿ. ತಟ್ಟೆಯ ಬಣ್ಣ ನೋಡಿ ಬಿಲ್ಲು ಹಾಕುವ ಅಂಗಡಿಗಳಿವೆ. ಬೆಂಗಳೂರಿನ ಬಳಿಯ ಹಾರೋಹಳ್ಳಿ ಕೈಗಾರಿಕಾ ಪ್ರದೇಶದಂಥ ಕಡೆ ಕ್ಯಾಂಟೀನಿನ ಸ್ಟೀಲ್ ತಟ್ಟೆಯೂ ಹಾಗೆಯೇ ತನ್ನ ಕೆಲಸಕ್ಕೆ ತಕ್ಕ ಪಾತ್ರೆ.

1997ರಲ್ಲಿ ಕಾರು ತಯಾರಿಸುವ ಟೊಯೊಟಾ ಕಿರ್ಲೋಸ್ಕರ್ ಹಾರೋಹಳ್ಳಿಗೆ ಹತ್ತಿರದ ಬಿಡದಿಗೆ ಬಂದಂದಿನಿಂದ ಈ ಸೀಮೆಗೆ ಜಪಾನಿನ ಒಡನಾಟವಿದೆ. ಕಸುಬಿನ ನಂಟು ಇನ್ನೂ ಹಳೆಯದು: ಜಪಾನಿನ ಅರಗಿನ ಕೆಲಸವನ್ನು ಚನ್ನಪಟ್ಟಣಕ್ಕೆ ತಂದವರೆಂದು ಬಾವಾಸ್ ಮಿಯಾ ಹೆಸರಾಗಿದ್ದಾರೆ. ಇಲ್ಲಿ ಇಂಥ ಕಟ್ಟೆಯೊಂದು ಏಳುವುದಾದರೆ ಎಲ್ಲವನ್ನೂ ಹಡಗಿನಲ್ಲಿ ತರಿಸುವುದು ಕಳಪೆ ಆಯ್ಕೆ. ತಣ್ಣನೆಯ ತುತ್ತಿಗೆ ಚನ್ನಪಟ್ಟಣದ ಅರಗು ಬಳಿದ ಹಾಲೆಮರದ ಮಣೆ ಸಾಕು. ಅರಗು ಬಿಸಿಗೆ ಮೆತ್ತಗಾಗುವುದರಿಂದ ಚಹಾದ ಲೋಟ ಮಾತ್ರ ಮಣ್ಣಿನದೇ ಆಗಬೇಕು. ಅದಕ್ಕೆ ಕುಂಬಾರಿಕೆ ಕಲಿಸುವ ಸಂಸ್ಥೆಯೇ ಇರುವ ಬೆಳಗಾವಿ ಜಿಲ್ಲೆಯ ಖಾನಾಪುರವಿದೆ.