‘ಜರ್ಮೇನ್’ ಮತ್ತು ‘ಪ್ರಸ್ತುತ’: ಒಂದು ಸಮಾನಾರ್ಥಕತೆಯ ವಿಮರ್ಶೆ

ಇಂಗ್ಲಿಷಿನ ‘ರೆಲೆವಂಟ್’, ‘ಜರ್ಮೇನ್’ ಎಂಬ ಎರಡು ಗುಣವಾಚಕಗಳಿಗೂ ಕನ್ನಡದಲ್ಲಿ ‘ಪ್ರಸ್ತುತ’ ಎಂಬ ಒಂದೇ ಸಮಾನಪದವನ್ನು ಕೊಡುವುದುಂಟು. ಎರಡನೆಯದು ಮೊದಲನೆಯದರ ಪ್ರೌಢ ಪರ್ಯಾಯ ಮಾತ್ರ ಎಂಬ ಗ್ರಹಿಕೆ ಇದರ ಹಿಂದಿದೆ. ಪ್ರಯೋಗಗಳು ಇದನ್ನು ಸಮರ್ಥಿಸುವುದಿಲ್ಲ.

‘ಸಂಬಂಧಪಟ್ಟ ಅಧಿಕಾರಿಗಳು’ ಎಂಬರ್ಥದಲ್ಲಿ ‘ರೆಲೆವಂಟ್ ಅಥಾರಿಟೀಸ್’ ಎನ್ನಬಹುದು. ಅಲ್ಲಿ ‘ಜರ್ಮೇನ್’ ಸಲ್ಲದು. ‘ಗಾಂಧೀಜಿಯವರ ವಿಚಾರಗಳು ಇಂದಿಗೂ ಪ್ರಸ್ತುತ’ ಎಂಬ ವಾಕ್ಯದ ಅನುವಾದಕ್ಕೂ ‘ರೆಲೆವಂಟ್’ ಒಪ್ಪುತ್ತದೆ, ‘ಜರ್ಮೇನ್’ ಒಪ್ಪುವುದಿಲ್ಲ. ‘ಜರ್ಮೇನ್’ ಸಾಮಾನ್ಯವಾಗಿ ವಿಧೇಯಸ್ಥಾನದಲ್ಲಿ ಬರುತ್ತದೆ. ‘ಯಾವುದಕ್ಕೆ’ ಎಂಬ ಪೂರಕವನ್ನು ‘ಟು’ ಎಂಬ ಉಪಸರ್ಗದೊಡನೆ ಬಯಸುತ್ತದೆ. ಪೂರಕವು ಲುಪ್ತವಾದರೂ ಚರ್ಚೆಯಲ್ಲಿರುವ ವಿಷಯವು ಅಧ್ಯಾಹಾರವಾಗಿ ಇದ್ದೇ ಇರುತ್ತದೆ.

ಪದದ ಇತಿಹಾಸವೂ ಈ ಭೇದವನ್ನು ಬೆಂಬಲಿಸುತ್ತದೆ. ‘ರೆಲೆವಂಟ್’ ಪದದ ಮೂಲ ‘ಮೇಲೆತ್ತು, ಹಗುರಗೊಳಿಸು’ ಎಂಬರ್ಥದ ಲ್ಯಾಟಿನ್ ಧಾತು. ‘ಜರ್ಮೇನ್’ ಬಂದದ್ದು ಒಡಹುಟ್ಟಿದವರನ್ನು ಸೂಚಿಸುವ ‘ಗೆರ್ಮಾನುಸ್’ ಶಬ್ದದಿಂದ. ಶೇಕ್ಸ್‌ಪಿಯರ್ ಇದನ್ನು ‘ದ ವಿಂಟರ್ಸ್ ಟೇಲ್’ ನಾಟಕದಲ್ಲಿ ರಕ್ತಸಂಬಂಧದ ಅರ್ಥದಲ್ಲಿಯೂ ‘ಹ್ಯಾಮ್ಲೆಟ್’ನಲ್ಲಿ ವಿಷಯಸಂಬಂಧದ ಅರ್ಥದಲ್ಲಿಯೂ ಬಳಸಿದ್ದಾನೆ.

ಈ ‘ಕುಲ’ದ ಕಲ್ಪನೆ ಇಂದಿಗೂ ಅಳಿದಿಲ್ಲ ಎಂಬುದಕ್ಕೆ ಅಮೆರಿಕದ ಪ್ರತಿನಿಧಿ ಸಭೆಯ ಕಲಾಪ ಸಾಕ್ಷಿ. ಚರ್ಚೆಯಲ್ಲಿರುವ ವಿಷಯಕ್ಕೆ ‘ಜರ್ಮೇನ್’ ಅಲ್ಲದ ತಿದ್ದುಪಡಿಯನ್ನು ಅಲ್ಲಿನ ನಿಯಮ 1789ರಿಂದಲೂ ತಡೆಯುತ್ತಿದೆ. ಅಲ್ಲಿನ ಪೂರ್ವನಿರ್ಣಯಗಳ ಪ್ರಕಾರ, ಒಂದು ಪ್ರಾಂತವನ್ನು ಒಕ್ಕೂಟಕ್ಕೆ ಸೇರಿಸಿಕೊಳ್ಳುವ ಮಸೂದೆಗೆ ಮತ್ತೊಂದು ಪ್ರಾಂತವನ್ನು ಸೇರಿಸುವ ತಿದ್ದುಪಡಿ ‘ಜರ್ಮೇನ್’ ಅಲ್ಲ. ಮಸೂದೆಯಲ್ಲಿ ಹಲವು ಪ್ರಾಂತಗಳಿದ್ದರೆ ಇನ್ನೊಂದನ್ನು ಕೂಡಿಸುವ ತಿದ್ದುಪಡಿ ‘ಜರ್ಮೇನ್’. ಮೊದಲನೆಯ ಸಂದರ್ಭದಲ್ಲಿಯೂ ಎರಡು ವಿಷಯಗಳಿಗೆ ಸಂಬಂಧವಿಲ್ಲವೆನ್ನಲಾಗದು. ಆದರೆ ಮಸೂದೆಯು ಒಂದು ವರ್ಗವನ್ನು ಕಟ್ಟಿದ್ದರೆ ಮಾತ್ರ ಹೊಸ ಸದಸ್ಯನಿಗೆ ಅಲ್ಲಿ ಪ್ರವೇಶ. ಇಲ್ಲಿ ‘ಪ್ರಸ್ತುತವಲ್ಲ’ ಎಂದು ಅನುವಾದಿಸಿದರೆ ನಿರ್ಣಯದ ತರ್ಕವೇ ತಲೆಕೆಳಗಾಗುತ್ತದೆ: ಸಂಬಂಧವಿದ್ದೂ ವರ್ಗದ ಹೊರಗುಳಿದದ್ದು ಸಂಬಂಧವೇ ಇಲ್ಲದ್ದಾಗಿ ತೋರುತ್ತದೆ.

‘ಪ್ರಸ್ತುತ’ ಶಬ್ದಕ್ಕೆ ‘ಈಗಿನ’ ಎಂಬ ಅರ್ಥವೂ ಇರುವುದರಿಂದ ತೊಡಕು ಇಮ್ಮಡಿಯಾಗುತ್ತದೆ. ‘ಪ್ರಾಸಂಗಿಕ’ವೂ ಪರಿಹಾರವಲ್ಲ, ಕನ್ನಡದಲ್ಲಿ ಅದು ‘ಆನುಷಂಗಿಕ’ದತ್ತ ವಾಲುತ್ತದೆ. ಆದ್ದರಿಂದ ನಿಘಂಟುಗಳು ‘ಜರ್ಮೇನ್’ ಪದಕ್ಕೆ ‘(ಚರ್ಚಿತ ವಿಷಯಕ್ಕೆ) ನಿಕಟವಾಗಿ ಸಂಬದ್ಧವಾದ’ ಎಂದು ಚತುರ್ಥೀ ವಿಭಕ್ತಿಯ ಚೌಕಟ್ಟಿನೊಡನೆಯೇ ಅರ್ಥ ನೀಡುವುದು ಯುಕ್ತ. ಒಂದು ಪದಕ್ಕೆ ಒಂದು ಪದವನ್ನು ಹೊಂದಿಸುವ ಕ್ರಮದಲ್ಲಿ ಮೊದಲು ನಷ್ಟವಾಗುವುದು ಈ ಚೌಕಟ್ಟೇ.