ಫಿಲಿಪ್ಪಿಯ ಕಾವಲುಗಾರ, ಇಸ್ತಾಂಬುಲ್‌ನ ಕಾವಲುಗಾರ

'ಮಿಡ್‌ನೈಟ್ ಎಕ್ಸ್‌ಪ್ರೆಸ್' ಎಂದರೆ ನಡುರಾತ್ರಿಯ ರೈಲು. ಸೆರೆಯಾಳುಗಳ ಗುಪ್ತಭಾಷೆಯಲ್ಲಿ ಸೆರೆಮನೆಯಿಂದ ತಪ್ಪಿಸಿಕೊಂಡು ಓಡುವುದಕ್ಕೆ ಆ ಹೆಸರು. ಇದೇ ಹೆಸರಿನ ಚಲನಚಿತ್ರ 1978ರಲ್ಲಿ ತೆರೆಕಂಡಿತು. ನಿರ್ದೇಶಕರು ಅಲನ್ ಪಾರ್ಕರ್. ಚಿತ್ರಕಥೆ ಬರೆದು ಆಸ್ಕರ್ ಪಡೆದವರು ಆಲಿವರ್ ಸ್ಟೋನ್. ಪರದೇಶದ ಸೆರೆಯಲ್ಲಿ ಸಿಲುಕಿದವನ ಗೋಳನ್ನು ಇಷ್ಟು ಬಲವಾಗಿ ಹೇಳಿದ ಚಿತ್ರಗಳು ಕಡಿಮೆ. ಹಾಗೆ ಹೇಳುತ್ತಲೇ ಒಂದು ಇಡೀ ಜನಾಂಗವನ್ನು ಇಷ್ಟು ನೋಯಿಸಿದವೂ ಕಡಿಮೆ. ಗುರುಮಠದ ವಿದ್ಯಾರ್ಥಿಯಾಗಿದ್ದಾಗ ನೋಡಿದ್ದ ಈ ಚಿತ್ರವನ್ನು ಈಚೆಗೆ ಮತ್ತೊಮ್ಮೆ ನೋಡಿದೆ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುವಂಥದ್ದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಕಥೆಯ ಮೂಲ ನಿಜವಾದದ್ದು. 1970ರ ಅಕ್ಟೋಬರಿನಲ್ಲಿ ಬಿಲ್ಲಿ ಹೇಯ್ಸ್ ಎಂಬ ಅಮೆರಿಕದ ತರುಣ ಸುಮಾರು 2 ಕಿಲೋ ಹಶೀಶನ್ನು ಮೈಗೆ ಕಟ್ಟಿಕೊಂಡು ಇಸ್ತಾಂಬುಲ್ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರು. ಮೊದಲು ವಿಧಿಸಿದ್ದು 4 ವರ್ಷ 2 ತಿಂಗಳ ಶಿಕ್ಷೆ. ಬಿಡುಗಡೆಗೆ ಎರಡು ತಿಂಗಳೂ ಉಳಿದಿಲ್ಲ ಎನ್ನುವಾಗ ಅಪರಾಧವನ್ನು ಕಳ್ಳಸಾಗಣೆಯೆಂದು ಪರಿಗಣಿಸಿ ಜೀವಾವಧಿ ವಿಧಿಸಲಾಯಿತು. ಅದು 30 ವರ್ಷಕ್ಕೆ ಇಳಿಯಿತು. ಆ ದಿನಗಳಲ್ಲಿ ಎರಡು ದೇಶಗಳ ನಡುವಣ ಸಂಬಂಧವೂ ಹಳಸಿತ್ತು. ಅಮೆರಿಕದ ಒತ್ತಾಯಕ್ಕೆ ಮಣಿದು ಟರ್ಕಿ 1971ರಲ್ಲಿ ಗಸಗಸೆ ಬೆಳೆಯನ್ನು ನಿಷೇಧಿಸಿತು, 1974ರಲ್ಲಿ ನಿಷೇಧವನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ಸೈಪ್ರಸ್ ದ್ವೀಪದ ವಿಷಯದಲ್ಲಿ ಮನಸ್ತಾಪ ಬೆಳೆದು, 1975ರಲ್ಲಿ ಅಮೆರಿಕ ಟರ್ಕಿಗೆ ಶಸ್ತ್ರಾಸ್ತ್ರ ಪೂರೈಕೆಯನ್ನೇ ನಿಲ್ಲಿಸಿತು. ಇಂಥ ಹೊತ್ತಿನಲ್ಲಿ ಸೆರೆಯಾಳು ಕೇವಲ ಸೆರೆಯಾಳಾಗಿ ಉಳಿಯುವುದಿಲ್ಲ. ಹೆತ್ತವರಿಗೆ ಅವನು ಮಗ, ಒಂದು ಸರ್ಕಾರಕ್ಕೆ ತನ್ನ ಪ್ರಜೆ, ಇನ್ನೊಂದಕ್ಕೆ ತನ್ನ ನ್ಯಾಯಾಲಯದ ಸ್ವಾತಂತ್ರ್ಯದ ಪ್ರಶ್ನೆ. ಕೊನೆಗೆ 1975ರ ಅಕ್ಟೋಬರಿನಲ್ಲಿ ಹೇಯ್ಸ್ ಇಮ್ರಾಲಿ ದ್ವೀಪದ ಬಂದೀಖಾನೆಯಿಂದ ಸಣ್ಣ ದೋಣಿಯೊಂದರಲ್ಲಿ ತಪ್ಪಿಸಿಕೊಂಡು ಗ್ರೀಸ್ ಸೇರಿದರು.

ಚಿತ್ರದ ಮೊದಲ ಭಾಗದ ಶಕ್ತಿಯನ್ನು ಒಪ್ಪಲೇಬೇಕು. ತಪಾಸಣೆಯ ಸಾಲಿನಲ್ಲಿ ನಿಂತವನ ಎದೆಬಡಿತವೇ ನಮ್ಮ ಕಿವಿ ತುಂಬುತ್ತದೆ. ಸುತ್ತಲಿನವರು ಆಡುವ ಟರ್ಕಿ ಮಾತಿಗೆ ತೆರೆಯ ಮೇಲೆ ಅನುವಾದವಿಲ್ಲ. ತನ್ನ ಮೇಲೆ ಹೊರಿಸಿದ ಆರೋಪವೇನೆಂದು ಭಾಷೆ ತಿಳಿಯದವನಿಗೆ ಹೇಗೆ ಗೊತ್ತಾಗಬೇಕು? ಆ ದಿಗ್ಭ್ರಮೆ ನಮ್ಮದೂ ಆಗುತ್ತದೆ. ಮಗನನ್ನು ನೋಡಲು ಬಂದ ತಂದೆ ಧೈರ್ಯದ ಮುಖವಾಡವನ್ನು ಕಡೆಯವರೆಗೆ ಉಳಿಸಿಕೊಳ್ಳಲಾರದೆ ಕುಸಿಯುವ ದೃಶ್ಯವಂತೂ ಮರೆಯುವಂಥದ್ದಲ್ಲ. ಕೊಲ್ಲಿ ರಾಷ್ಟ್ರಗಳಿಗೆ ಮಕ್ಕಳನ್ನು ಕಳುಹಿಸಿರುವ ನಮ್ಮ ಧರ್ಮಕೇಂದ್ರಗಳ ತಂದೆತಾಯಂದಿರಿಗೆ ಅದನ್ನು ವಿವರಿಸಬೇಕಾಗಿಲ್ಲ.

ಆದರೆ ಈ ಶಕ್ತಿಯೇ ಮುಂದೆ ದೋಷವಾಗುತ್ತದೆ. ಭಾಷೆ ಅರ್ಥವಾಗದ ಜನ ನೋಡುನೋಡುತ್ತಿದ್ದಂತೆ ಮನುಷ್ಯತ್ವವೇ ಇಲ್ಲದ ಜನರಾಗಿಬಿಡುತ್ತಾರೆ. ಚಿತ್ರದಲ್ಲಿ ಕರುಣೆಗೆ ಅರ್ಹನಾದ ಟರ್ಕಿಯವನು ಒಬ್ಬನಾದರೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಎರಡನೆಯ ತೀರ್ಪಿನ ದೃಶ್ಯದಲ್ಲಿ ಬಿಲ್ಲಿ, ಪ್ರಭು ಯೇಸು ತನ್ನನ್ನು ಹಿಂಸಿಸಿದವರನ್ನು ಕ್ಷಮಿಸಿದರೂ ತನ್ನಿಂದ ಅದು ಆಗದೆಂದು ಕೂಗಿ, ಆ ದೇಶವನ್ನೂ ಅದರ ಮಕ್ಕಳನ್ನೂ ಹೇಸಿಗೆಯ ಮಾತುಗಳಿಂದ ಶಪಿಸುತ್ತಾನೆ. ಹೇಯ್ಸ್ ತಾವೇ ಹೇಳಿಕೊಂಡಿರುವ ಪ್ರಕಾರ, ನ್ಯಾಯಾಲಯದಲ್ಲಿ ಅವರು ಆಡಿದ್ದು ಶಾಪದ ಮಾತಲ್ಲ. ತೀರ್ಪನ್ನು ಒಪ್ಪಲಾರೆ, ಆದರೆ ಕ್ಷಮಿಸುತ್ತೇನೆ ಎಂದು. ಚಿತ್ರಕಥೆಗಾರನ ಕೈಯಲ್ಲಿ ಕ್ಷಮೆಯಿತ್ತು. ಅವನು ಅದನ್ನು ಅಳಿಸಿ ಶಾಪವನ್ನು ಬರೆದ. ಕಲಾಸ್ವಾತಂತ್ರ್ಯ ಎಂಬ ಹೆಸರಿನಲ್ಲಿ ಇದನ್ನು ಒಪ್ಪಿಕೊಳ್ಳಲು ನನ್ನಿಂದಾಗದು.

ಇದೇ ರೀತಿ ಹಮೀದು ಎಂಬ ಕ್ರೂರ ಕಾವಲುಗಾರನ ಸಾವು. ಚಿತ್ರದಲ್ಲಿ ಬಿಲ್ಲಿಯ ಕೈಯಿಂದ ಅವನು ಸಾಯುತ್ತಾನೆ. ಸತ್ತವನ ಇಲಾಖೆಯ ಉಡುಪನ್ನೇ ತೊಟ್ಟು ಬಿಲ್ಲಿ ಹೊರನಡೆಯುತ್ತಾನೆ. ನಿಜಜೀವನದಲ್ಲಿ ಹೇಯ್ಸ್ ಯಾವ ಕಾವಲುಗಾರನನ್ನೂ ಕೊಂದಿಲ್ಲ. ಮೊದಲ ಸಲ ನೋಡಿದಾಗ ಆ ಸಾವಿಗೆ ನಾನೂ ಒಳಗೊಳಗೇ ಹಿಗ್ಗಿದ್ದೆ. ಪ್ರೇಷಿತರ ಕಾರ್ಯಕಲಾಪಗಳ 16ನೇ ಅಧ್ಯಾಯವನ್ನು ಅದೇ ವಾರ ತರಗತಿಯಲ್ಲಿ ಓದುತ್ತಿದ್ದೆವು ಎಂಬುದು ಆಗ ನೆನಪಿಗೂ ಬರಲಿಲ್ಲ. ಫಿಲಿಪ್ಪಿ ಪಟ್ಟಣದಲ್ಲಿ ಸಂತ ಪೌಲನೂ ಸೀಲನೂ ಹೊರಗಿನವರು. ಛಡಿಯೇಟು ತಿಂದು ಸೆರೆಮನೆ ಸೇರಿದವರು. ನಡುರಾತ್ರಿ ಭೂಕಂಪವಾಗಿ ಬಾಗಿಲುಗಳೆಲ್ಲ ತೆರೆದಾಗ ಕಾವಲುಗಾರ ಪ್ರಾಣ ಕಳೆದುಕೊಳ್ಳಲು ಕತ್ತಿ ಹಿರಿಯುತ್ತಾನೆ. ಅವನನ್ನು ತಡೆದು ಉಳಿಸಿದವನು ಸೆರೆಯಾಳು ಪೌಲ. ಕಾವಲುಗಾರ ಅವರ ಗಾಯಗಳನ್ನು ತೊಳೆಯುತ್ತಾನೆ. ಹಾಗೆಂದು ಪೌಲ ಅನ್ಯಾಯವನ್ನು ನುಂಗಿಕೊಳ್ಳಲಿಲ್ಲ. ಬೆಳಗಾದಾಗ ತಾನು ರೋಮಿನ ಪ್ರಜೆಯೆಂದು ತಿಳಿಸಿ, ಅಧಿಕಾರಿಗಳೇ ಬಂದು ಮರ್ಯಾದೆಯಿಂದ ಕಳುಹಿಸಬೇಕೆಂದು ಹಟ ಹಿಡಿದ. ಇಂದು ಬಂಧಿತನಾದ ವಿದೇಶಿಗೆ ತನ್ನ ದೇಶದ ರಾಯಭಾರ ಕಚೇರಿಯನ್ನು ಸಂಪರ್ಕಿಸುವ ಹಕ್ಕನ್ನು 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಕೊಟ್ಟಿದೆ. ಹಕ್ಕಿನ ಒತ್ತಾಯವೂ ಕಾವಲುಗಾರನ ಮೇಲಿನ ಕರುಣೆಯೂ ಒಂದೇ ರಾತ್ರಿಯಲ್ಲಿ, ಒಬ್ಬನೇ ಮನುಷ್ಯನಲ್ಲಿ ಸೇರಿದ್ದವು.

ತೆರೆಯ ಮೇಲಿನ ದ್ವೇಷಕ್ಕೆ ಇಷ್ಟೊಂದು ತಲೆಕೆಡಿಸಿಕೊಳ್ಳಬೇಕೆ ಎಂದು ಕೆಲವರು ಕೇಳಬಹುದು. ದ್ವೇಷ ಯಾರ ಮೇಲೆ ಬೀಳುತ್ತದೆ ಎಂಬುದನ್ನು ನಮ್ಮ ದೇಶವೇ ಕಂಡಿದೆ. ಲಾಹೋರಿನ ಸೆರೆಮನೆಯಲ್ಲಿ ಸಹಕೈದಿಗಳ ಹಲ್ಲೆಗೆ ತುತ್ತಾದ ಸರಬ್‌ಜಿತ್ ಸಿಂಗ್ 2013ರ ಮೇ 2ರಂದು ತೀರಿಕೊಂಡರು. ಮರುದಿನವೇ ಜಮ್ಮುವಿನ ಸೆರೆಮನೆಯಲ್ಲಿ ಪಾಕಿಸ್ತಾನದ ಕೈದಿಯೊಬ್ಬನ ಮೇಲೆ ಹಲ್ಲೆಯಾಯಿತು. ಮೇ 9ರಂದು ಅವನೂ ಸತ್ತ. ಲಾಹೋರಿನಲ್ಲಿ ನಡೆದುದಕ್ಕೂ ಅವನಿಗೂ ಏನು ಸಂಬಂಧ?

ಇನ್ನೊಂದು ಮಾತು. ಹೇಯ್ಸ್ ನಿರಪರಾಧಿಯಲ್ಲ, ಅದಕ್ಕೂ ಮೊದಲು ಟರ್ಕಿಯಿಂದ ಹಶೀಶ್ ಸಾಗಿಸಿದ್ದುಂಟೆಂದು ಅವರೇ ಮುಂದೆ ಒಪ್ಪಿಕೊಂಡರು. ಚಿತ್ರ ತನ್ನ ನಾಯಕನನ್ನು ಒಮ್ಮೆ ಎಡವಿದ ಹುಡುಗನಂತೆ ತೋರಿಸುತ್ತದೆ, ಇಲ್ಲದಿದ್ದರೆ ನಮಗೆ ಕನಿಕರ ಹುಟ್ಟದೇನೋ ಎಂಬ ಅಂಜಿಕೆಯಿಂದ. ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಪ್ರಭು ಸೆರೆಯಾಳುಗಳೊಡನೆ ತನ್ನನ್ನು ಎಣಿಸಿಕೊಳ್ಳುವಾಗ ಅವರ ಅಪರಾಧದ ವಿಚಾರಣೆ ನಡೆಸುವುದಿಲ್ಲ.

ಚಿತ್ರ ಕಾನ್ ಉತ್ಸವದಲ್ಲಿ ಪ್ರದರ್ಶನವಾಗಿ 43 ದಿನಗಳಿಗೆ ಕೈದಿಗಳ ವರ್ಗಾವಣೆ ಕುರಿತು ಎರಡು ದೇಶಗಳ ಮಾತುಕತೆ ಆರಂಭವಾಯಿತೆಂದು ತೆರೆಯ ಮೇಲಿನ ಕೊನೆಯ ಬರಹ ಹೆಮ್ಮೆಯಿಂದ ಹೇಳುತ್ತದೆ. ಇರಬಹುದು. 1979ರಲ್ಲಿ ಅಂಕಾರಾದಲ್ಲಿ ಒಪ್ಪಂದಕ್ಕೆ ಸಹಿಯಾಯಿತು, 1981ರಲ್ಲಿ ಅದು ಜಾರಿಗೆ ಬಂತು. ಆ ಒಪ್ಪಂದಕ್ಕಾಗಿ ಎದುರುಬದುರು ಕುಳಿತವರಲ್ಲಿ, ಈ ಚಿತ್ರ ಮನುಷ್ಯರೆಂದು ತೋರಿಸದ ಟರ್ಕಿಯವರೂ ಇದ್ದರು. ಸ್ಟೋನ್ 2004ರಲ್ಲಿ ಟರ್ಕಿಗೆ ಹೋದಾಗ ಕ್ಷಮೆ ಕೋರಿದರು. ಹೇಯ್ಸ್ 2007ರಲ್ಲಿ ಇಸ್ತಾಂಬುಲ್‌ಗೆ ಮರಳಿ, ಚಿತ್ರದಿಂದ ಆ ಜನರಿಗಾದ ನೋವಿಗೆ ವಿಷಾದ ವ್ಯಕ್ತಪಡಿಸಿದರು.